ಇಂಪರೇಟರ್: ರೋಮ್‌ಗೆ ಯಾಕೆ ಅಷ್ಟು ಬೈಗುಳ ಬಿತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರ್ಯಾಂಡ್ ಸ್ಟ್ರಾಟೆಜಿ, ಅಂದರೆ ಇಡೀ ದೇಶವನ್ನೇ ನಡೆಸುವ ಕಂಪ್ಯೂಟರ್ ಗೇಮ್‌ಗಳ ಮಾತು ಶುರುವಾದರೆ ಇಂಪರೇಟರ್: ರೋಮ್ ಹೆಸರು ಬಂದೇ ಬರುತ್ತದೆ. ಹಿಂದೆಯೇ ಪ್ರಶ್ನೆಗಳೂ ಬರುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ನನಗೆ ಈ ಗೇಮ್ ಮೇಲೆ ಪ್ರೀತಿ ಇದೆ. ಹಾಗಂತ ಅದರ ತಪ್ಪುಗಳನ್ನು ಸಣ್ಣದು ಮಾಡಿ ಹೇಳುವುದಿಲ್ಲ. ಪ್ರೀತಿ ಇರುವುದರಿಂದಲೇ ಅವು ನನಗೆ ಜಾಸ್ತಿ ನೋಯುತ್ತವೆ.

## ಮೊದಲ ಸಲ ಹೆಸರು ಕೇಳಿದವರಿಗೆ

ಇದು ಯಾವ ಥರದ ಗೇಮ್? ಯುದ್ಧದ ಗೇಮಾ?

ಯುದ್ಧ ಇದೆ, ಆದರೆ ಬರೀ ಯುದ್ಧ ಅಲ್ಲ. ನೀವು ಒಂದು ದೇಶವನ್ನು ಆರಿಸಿಕೊಂಡು ಇಡೀ ಆಡಳಿತ ನೋಡಿಕೊಳ್ಳಬೇಕು. ತೆರಿಗೆ, ವ್ಯಾಪಾರ, ಸಂಧಾನ, ಧರ್ಮ, ಪ್ರಾಂತ್ಯಗಳ ಗವರ್ನರ್‌ಗಳು, ಸೇನಾಪತಿಗಳು, ಎಲ್ಲವೂ ನಿಮ್ಮ ತಲೆಗೇ. ಆಟ ಶುರುವಾಗುವುದು ಕ್ರಿ.ಪೂ. 304ರಲ್ಲಿ. ಮುಗಿಯುವುದು ಕ್ರಿ.ಪೂ. 27ರಲ್ಲಿ, ಅಂದರೆ ಆಗಸ್ಟಸ್ ರೋಮಿನ ಮೊದಲ ಚಕ್ರವರ್ತಿಯಾದ ವರ್ಷ.

ಶುರುವಿನ ವರ್ಷವನ್ನು ತುಂಬಾ ಚೆನ್ನಾಗಿ ಆರಿಸಿದ್ದಾರೆ. ಅಲೆಕ್ಸಾಂಡರ್ ತೀರಿಕೊಂಡದ್ದು ಕ್ರಿ.ಪೂ. 323ರಲ್ಲಿ. ಅವನ ಸೇನಾಪತಿಗಳು ಸಾಮ್ರಾಜ್ಯವನ್ನು ಹಂಚಿಕೊಂಡು ಇನ್ನೂ ಕಚ್ಚಾಡುತ್ತಿದ್ದಾರೆ. ರೋಮ್ ಆಗ ಇಟಲಿಯ ನಡುಭಾಗದ ಒಂದು ಶಕ್ತಿ, ಅಷ್ಟೇ. ಪಶ್ಚಿಮ ಮೆಡಿಟರೇನಿಯನ್‌ನಲ್ಲಿ ಕಾರ್ಥೇಜ್ ಗಟ್ಟಿಯಾಗಿ ಕೂತಿದೆ. ಪೂರ್ವದಲ್ಲಿ ಚಂದ್ರಗುಪ್ತ ಮೌರ್ಯನ ರಾಜ್ಯ ಬೆಳೆಯುತ್ತಿದೆ. ಯಾರು ಯಾರ ಜೊತೆ ಸೇರಬೇಕು, ಯಾರನ್ನು ಯಾವಾಗ ಬಿಡಬೇಕು ಅನ್ನುವ ಲೆಕ್ಕಾಚಾರಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಸಿಗುವುದು ಕಷ್ಟ.

ಮಾಡಿದ್ದು ಯಾರು? ಹೊಸಬರಾ?

ಹೊಸಬರಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿರುವ ಪ್ಯಾರಾಡಾಕ್ಸ್. ಯುರೋಪಾ ಯೂನಿವರ್ಸಾಲಿಸ್, ಕ್ರುಸೇಡರ್ ಕಿಂಗ್ಸ್, ಹಾರ್ಟ್ಸ್ ಆಫ್ ಐರನ್, ಸ್ಟೆಲ್ಲಾರಿಸ್ ಎಲ್ಲವೂ ಅವರದೇ. 2008ರಲ್ಲಿ ಇದೇ ಕಾಲದ ಬಗ್ಗೆ ಯುರೋಪಾ ಯೂನಿವರ್ಸಾಲಿಸ್: ರೋಮ್ ಅಂತ ಒಂದು ಗೇಮ್ ಮಾಡಿದ್ದರು. ಇಂಪರೇಟರ್ ಅದರ ಮುಂದಿನ ಪೀಳಿಗೆ. 2018ರ ಮೇನಲ್ಲಿ ಘೋಷಣೆಯಾಯಿತು, 2019ರ ಏಪ್ರಿಲ್ 25ಕ್ಕೆ ಬಿಡುಗಡೆಯಾಯಿತು. ನಿರ್ದೇಶಕ ಯೋಹಾನ್ ಆಂಡರ್ಸನ್, ಈ ಪ್ರಕಾರಕ್ಕೆ ಇವತ್ತಿನ ರೂಪ ಕೊಟ್ಟವರಲ್ಲಿ ಒಬ್ಬರು. ನಿರೀಕ್ಷೆ ಅಷ್ಟು ದೊಡ್ಡದಾಗಿದ್ದಕ್ಕೆ ಇದೂ ಒಂದು ಕಾರಣ.

ವಿಮರ್ಶಕರು ಚೆನ್ನಾಗಿದೆ ಅಂದ್ರು, ಆಟಗಾರರು ಚೆನ್ನಾಗಿಲ್ಲ ಅಂದ್ರು. ಯಾರ ಮಾತು ನಿಜ?

ಇಬ್ಬರದೂ. ವಿಮರ್ಶಕರ ಅಂಕಗಳನ್ನು ಒಟ್ಟುಹಾಕುವ ಮೆಟಾಕ್ರಿಟಿಕ್ ತಾಣದಲ್ಲಿ ಸರಾಸರಿ 70ರ ಕೊನೆಯ ಭಾಗದಲ್ಲಿ ನಿಂತಿತು. ಅದು ಒಳ್ಳೆಯ ಅಂಕವೇ. ಅದೇ ದಿನಗಳಲ್ಲಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ದುಡ್ಡು ಕೊಟ್ಟು ಕೊಂಡವರ ರಿವ್ಯೂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಳಮುಖದ ಹೆಬ್ಬೆರಳು.

ವಿಮರ್ಶಕರು ನೋಡಿದ್ದು ಗೇಮ್‌ನ ಅಳತೆಯನ್ನು. ಬ್ರಿಟನ್‌ನಿಂದ ಭಾರತದವರೆಗೆ ಹರಡಿದ ಮ್ಯಾಪ್, ಸಾವಿರಾರು ಊರುಗಳು, ನೂರಾರು ದೇಶಗಳು. ಕ್ರುಸೇಡರ್ ಕಿಂಗ್ಸ್‌ನಿಂದ ಪಾತ್ರಗಳು, ಅದೇ ಸಂಸ್ಥೆಯ ವಿಕ್ಟೋರಿಯಾ ಗೇಮ್‌ನಿಂದ ಜನಸಂಖ್ಯೆ, ಯುರೋಪಾದಿಂದ ರಾಜತಂತ್ರ. ಈ ಮೂರನ್ನೂ ಒಂದೇ ಕಡೆ ಸೇರಿಸಿದ್ದು ಸಣ್ಣ ಕೆಲಸ ಅಲ್ಲ. ಮ್ಯಾಪ್ ನೋಡುವುದಕ್ಕೂ ಚೆಂದ, ಸಂಗೀತವೂ ಚೆಂದ. ಒಂದೆರಡು ವಾರ ಆಡಿ ಬರೆಯುವವರಿಗೆ ಇವೆಲ್ಲ ಎದ್ದು ಕಾಣುವುದು ಸಹಜ.

ಆಟಗಾರರ ಕಥೆ ಬೇರೆ. ಮೊದಲ ದಿನವೇ ಕೊಂಡವರಲ್ಲಿ ಬಹಳಷ್ಟು ಜನ ಈ ಸಂಸ್ಥೆಯ ಹಳೆಯ ಗೇಮ್‌ಗಳನ್ನು ವರ್ಷಗಟ್ಟಲೆ ಆಡಿದವರು. ಅವರ ಕೈ ನೇರವಾಗಿ ಒಳಗಿನ ಯಂತ್ರಕ್ಕೇ ಹೋಯಿತು. ಹತ್ತು ಗಂಟೆ ಆಡಿದ ಮೇಲೆ ಕಾಣುವ ಟೊಳ್ಳು ಅವರಿಗೆ ಎರಡೇ ಗಂಟೆಯಲ್ಲಿ ಕಂಡಿತು. ಇನ್ನೊಂದು ಹೋಲಿಕೆಯೂ ಅವರ ತಲೆಯಲ್ಲಿತ್ತು. ಯುರೋಪಾ ಯೂನಿವರ್ಸಾಲಿಸ್ 4 ಬಂದದ್ದು 2013ರಲ್ಲಿ, ಕ್ರುಸೇಡರ್ ಕಿಂಗ್ಸ್ 2 ಬಂದದ್ದು 2012ರಲ್ಲಿ. 2019ರ ಹೊತ್ತಿಗೆ ಅವೆರಡೂ ಆರೇಳು ವರ್ಷ ಅಪ್‌ಡೇಟ್ ಕಂಡು ತುಂಬಿಕೊಂಡಿದ್ದವು. ಅವುಗಳ ಪಕ್ಕದಲ್ಲಿ ಹೊಸ ಗೇಮ್ ಖಾಲಿ ಕಾಣಿಸಿತು. ಇದು ಅನ್ಯಾಯದ ಹೋಲಿಕೆ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮೂರೂ ಒಂದೇ ಅಂಗಡಿಯಲ್ಲಿ ಸಿಗುತ್ತಿರುವಾಗ ಕೊಳ್ಳುವವರು ಹೋಲಿಸದೆ ಇರುತ್ತಾರಾ?

ಸ್ಟೀಮ್‌ನಲ್ಲಿ 'ಮಿಕ್ಸ್ಡ್' ಅಂತ ಇದ್ರೆ ಗೇಮ್ ಸುಮಾರು ಅಂತ ತಿಳ್ಕೋಬೇಕಾ?

ಹಾಗಲ್ಲ. ಸ್ಟೀಮ್ ಅಂಕ ಕೇಳುವುದಿಲ್ಲ. ಬೇರೆಯವರಿಗೆ ಶಿಫಾರಸು ಮಾಡ್ತೀರಾ, ಇಲ್ವಾ ಅಂತ ಮಾತ್ರ ಕೇಳುತ್ತದೆ. ಹೌದು ಅಂದವರು ನೂರಕ್ಕೆ 40ರಿಂದ 69ರ ನಡುವೆ ಇದ್ದರೆ 'ಮಿಕ್ಸ್ಡ್'. 70ರಿಂದ 79 ಇದ್ದರೆ 'ಮೋಸ್ಟ್ಲಿ ಪಾಸಿಟಿವ್', 20ರಿಂದ 39 ಇದ್ದರೆ 'ಮೋಸ್ಟ್ಲಿ ನೆಗೆಟಿವ್'. ಹಾಗಾಗಿ ಎಲ್ಲರಿಗೂ ಸಾಧಾರಣ ಅನ್ನಿಸಿದ ಗೇಮೂ ಮಿಕ್ಸ್ಡ್ ಆಗಬಹುದು. ಅರ್ಧ ಜನ ಪ್ರಾಣ ಬಿಡುವಷ್ಟು ಇಷ್ಟಪಟ್ಟು, ಇನ್ನರ್ಧ ಜನ ಸಿಟ್ಟಿಗೆದ್ದ ಗೇಮೂ ಮಿಕ್ಸ್ಡ್ ಆಗಬಹುದು.

ಪಕ್ಕದಲ್ಲೇ 'ರೀಸೆಂಟ್' ಅಂತ ಇನ್ನೊಂದು ಸಾಲು ಇರುತ್ತದೆ, ಕೊನೆಯ 30 ದಿನಗಳದ್ದು. ಇಂಥ ಗೇಮ್‌ಗಳಿಗೆ ಅದನ್ನೇ ಮೊದಲು ನೋಡಿ. ಪ್ಯಾಚ್‌ಗಳಿಂದ, ಅಂದರೆ ಬಿಡುಗಡೆಯ ನಂತರದ ತಿದ್ದುಪಡಿಗಳಿಂದ, ಬದಲಾಗುವ ಗೇಮ್‌ನ ಒಟ್ಟು ಅಂಕ ಅದರ ಮೊದಲ ವಾರದ ಭಾರವನ್ನು ಹೊತ್ತುಕೊಂಡೇ ಇರುತ್ತದೆ. ಮೆಟಾಕ್ರಿಟಿಕ್ ಇನ್ನೂ ಬಿಗಿ. ವಿಮರ್ಶಕರು ಆಮೇಲೆ ಅಂಕ ಬದಲಿಸಿದರೂ ಅಲ್ಲಿ ಮೊದಲು ಕೊಟ್ಟದ್ದೇ ಉಳಿಯುತ್ತದೆ.

## ಬೈಗುಳ ಬಿದ್ದದ್ದು ಎಲ್ಲಿಗೆ

ಎಲ್ಲರೂ 'ಮನಾ ಮನಾ' ಅಂತಾರಲ್ಲ, ಏನದು?

ಇಡೀ ಜಗಳದ ಬೇರು ಇದೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಬಿಡುಗಡೆಯಾದಾಗ ಗೇಮ್‌ನಲ್ಲಿ ನಾಲ್ಕು ಥರದ ಪಾಯಿಂಟ್‌ಗಳಿದ್ದವು: ಸೇನೆ, ಆಡಳಿತ, ವಾಕ್ಚಾತುರ್ಯ, ಧರ್ಮ. ನಿಮ್ಮ ದೇಶದ ಮುಖ್ಯಸ್ಥ ಎಷ್ಟು ಸಮರ್ಥನೋ ಅದರ ಮೇಲೆ ಪ್ರತಿ ತಿಂಗಳು ಈ ಪಾಯಿಂಟ್‌ಗಳು ಜಮೆಯಾಗುತ್ತಿದ್ದವು. ಜಮೆಯಾದದ್ದನ್ನು ಖರ್ಚು ಮಾಡಿದರೆ ಕೆಲಸ ಆ ಕ್ಷಣವೇ ಆಗಿಬಿಡುತ್ತಿತ್ತು. ಮಾಟದ ಗೇಮ್‌ಗಳಲ್ಲಿ ಮಂತ್ರ ಹಾಕುವುದಕ್ಕೆ ಬಳಸುವ ಶಕ್ತಿಯ ಹಾಗೆ ಇದು ಇದ್ದದ್ದರಿಂದ ಆಟಗಾರರು ಇದನ್ನು ಮನಾ ಅಂತ ಕರೆದರು.

ಈಗ ಒಂದು ಉದಾಹರಣೆ. ನೀವು ರೋಮ್ ಆಗಿ ಇಟಲಿಯಲ್ಲೇ ಇದ್ದ ಸ್ಯಾಮ್ನೈಟ್ ಜನಾಂಗದ ಒಂದು ಊರನ್ನು ಗೆದ್ದಿರಿ. ಅಲ್ಲಿನ ಜನರ ಭಾಷೆ, ರೀತಿ ಎಲ್ಲ ಬೇರೆ. ಅವರು ರೋಮನ್ನರಾಗಲು ನಿಜವಾಗಿ ಏನೇನು ಬೇಕು? ರಸ್ತೆ, ಸಂತೆ, ಸೈನ್ಯದಲ್ಲಿ ಜಾಗ, ಪೌರತ್ವದ ಆಸೆ, ಎರಡು ಮೂರು ತಲೆಮಾರು. ಗೇಮ್‌ನಲ್ಲಿ ಬೇಕಾಗಿದ್ದದ್ದು ಪಾಯಿಂಟ್ ಮತ್ತು ಒಂದು ಕ್ಲಿಕ್. ಒಂದು ಗುಂಪಿನ ಜನ ಕಣ್ಣೆದುರೇ ರೋಮನ್ನರಾದರು. ಇನ್ನೊಂದು ಕ್ಲಿಕ್‌ಗೆ ಧರ್ಮ ಬದಲಾಯಿಸಿದರು. ಮತ್ತೊಂದು ಕ್ಲಿಕ್‌ಗೆ ಗುಲಾಮರು ಪಕ್ಕದ ಊರಿಗೆ ಹೋದರು.

ಪಾಯಿಂಟ್ ಇರುವುದೇ ತಪ್ಪು ಅಂತ ಅಲ್ಲ. ಯಾವ ಗೇಮ್ ಆದರೂ ಒಂದಲ್ಲ ಒಂದು ಲೆಕ್ಕ ಇಟ್ಟುಕೊಳ್ಳಲೇಬೇಕು. ಇಲ್ಲಿ ತಪ್ಪಿದ್ದು ಎರಡು ಕಡೆ. ಮೊದಲನೆಯದು, ಕಾರಣಕ್ಕೂ ಫಲಕ್ಕೂ ಇರುವ ನಂಟು ಹರಿದುಹೋಯಿತು. ನಿಮ್ಮ ಕಾನ್ಸಲ್, ಅಂದರೆ ಗಣರಾಜ್ಯದ ಮುಖ್ಯಸ್ಥ, ಒಳ್ಳೆಯ ಮಾತುಗಾರ, ಅದಕ್ಕೇ ಸಾವಿರ ಮೈಲಿ ಆಚೆಯ ಊರಿನ ಜನ ಬದಲಾದರು ಅಂದರೆ ನಂಬುವುದು ಹೇಗೆ? ಎರಡನೆಯದು, ಕಾಯುವಿಕೆ ಹೊರಟುಹೋಯಿತು. ಸಾಮ್ರಾಜ್ಯ ಕಟ್ಟುವ ಗೇಮ್‌ನಲ್ಲಿ ನಿಜವಾದ ಬೆಲೆ ಅಂದರೆ ಕಾಲ. ಗೆದ್ದ ನೆಲ ಇಪ್ಪತ್ತು ವರ್ಷ ನಿಮ್ಮದಾಗದೆ ಉಳಿದಾಗ, ಅಷ್ಟರಲ್ಲಿ ಇನ್ನೊಂದು ಯುದ್ಧ ಬಂದಾಗ ಹುಟ್ಟುವ ಆತಂಕವೇ ಈ ಪ್ರಕಾರದ ಜೀವ. ಅದನ್ನು ತೆಗೆದರೆ ಉಳಿಯುವುದು ಬೆಲೆಪಟ್ಟಿ.

ಇನ್ನೂ ಬೇಸರದ ಸಂಗತಿ ಏನಂದರೆ, ಬಿಡುಗಡೆಗೆ ತಿಂಗಳುಗಳ ಮೊದಲೇ ತಯಾರಕರು ವಾರ ವಾರ ಬರೆಯುತ್ತಿದ್ದ ಡೈರಿಗಳನ್ನು ಓದಿ ಜನ ಇದನ್ನೇ ಹೇಳಿದ್ದರು. ಸ್ಟುಡಿಯೋ ತನ್ನ ದಾರಿಯನ್ನು ಸಮರ್ಥಿಸಿಕೊಂಡಿತು. ಹಾಗಾಗಿ ಬಿಡುಗಡೆಯ ದಿನದ ಸಿಟ್ಟಿನಲ್ಲಿ 'ನಾವು ಮೊದಲೇ ಹೇಳಿರಲಿಲ್ವಾ' ಅನ್ನುವ ನೋವೂ ಬೆರೆತಿತ್ತು.

ಪಾತ್ರಗಳು ಇದ್ದೂ ಇಲ್ಲದ ಹಾಗೆ ಅಂತಾರೆ. ಯಾಕೆ?

ಗೇಮ್‌ನಲ್ಲಿ ನೂರಾರು ಜನ ಇದ್ದಾರೆ. ಹುಟ್ಟುತ್ತಾರೆ, ಮದುವೆಯಾಗುತ್ತಾರೆ, ಲಂಚ ತಿನ್ನುತ್ತಾರೆ, ಸಾಯುತ್ತಾರೆ. ಆದರೆ ಮೊದಲ ಆವೃತ್ತಿಯಲ್ಲಿ ನೀವು ಅವರನ್ನು ನೋಡುತ್ತಿದ್ದದ್ದು ಎರಡೇ ಕಾರಣಕ್ಕೆ: ಒಂದು ಸಾಮರ್ಥ್ಯದ ಅಂಕ, ಇನ್ನೊಂದು ನಿಷ್ಠೆಯ ಅಂಕ. ಒಂದು ಹುದ್ದೆ ಖಾಲಿಯಾಯಿತಾ, ಪಟ್ಟಿ ತೆರೆದು ಜಾಸ್ತಿ ಅಂಕ ಇರುವವನನ್ನು ಕೂರಿಸಿ. ನಿಷ್ಠೆ ಕಡಿಮೆಯಾಯಿತಾ, ಹಣ ಕೊಟ್ಟು ಏರಿಸಿ. ಅವನ ಹೆಸರು ಏನು, ಅವನ ಅಪ್ಪ ಯಾರು, ಯಾರ ಮೇಲೆ ಅವನಿಗೆ ದ್ವೇಷ, ಯಾವುದೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ.

ಕ್ರುಸೇಡರ್ ಕಿಂಗ್ಸ್‌ನಲ್ಲಿ ನೀವೇ ಒಬ್ಬ ಪಾತ್ರ. ನಿಮ್ಮ ಮಗ ದಡ್ಡನಾದರೆ ಅದು ನಿಮ್ಮ ಮನೆಯ ಸಂಕಟ. ಇಂಪರೇಟರ್‌ನಲ್ಲಿ ನೀವು ದೇಶ, ಯಾರೋ ಒಬ್ಬರಲ್ಲ. ಈ ವ್ಯತ್ಯಾಸವನ್ನು ದಾಟಲು ಬೇರೆ ಏನಾದರೂ ಗಟ್ಟಿ ಎಳೆ ಬೇಕಿತ್ತು. ರೋಮನ್ ಗಣರಾಜ್ಯದ ಚರಿತ್ರೆಯೇ ಮಹತ್ವಾಕಾಂಕ್ಷೆಯ ಮನುಷ್ಯರದ್ದು. ಮಾರಿಯಸ್, ಸುಲ್ಲಾ, ಪಾಂಪೆ, ಸೀಸರ್ ಥರದವರು ಹುಟ್ಟುವ ಜಾಗ ಅದು. ಅಂಥ ಕಾಲವನ್ನು ತಗೊಂಡು ಮುಖಗಳನ್ನು ಅಂಕಿಗಳ ಹಿಂದೆ ಬಚ್ಚಿಟ್ಟದ್ದು ನನಗೆ ಮನಾಗಿಂತಲೂ ದೊಡ್ಡ ತಪ್ಪು ಅನ್ನಿಸುತ್ತದೆ. ಈ ಮಾತಿಗೆ ಒಪ್ಪದವರು ಬಹಳ ಜನ ಇದ್ದಾರೆ.

ಯುದ್ಧ ಇಲ್ಲದಿದ್ರೆ ಮಾಡೋಕೆ ಏನೂ ಇಲ್ವಂತೆ, ಹೌದಾ?

1.0ರಲ್ಲಿ, ಅಂದರೆ ಬಿಡುಗಡೆಯಾದ ಮೊದಲ ಆವೃತ್ತಿಯಲ್ಲಿ, ಹೆಚ್ಚುಕಮ್ಮಿ ಹೌದು. ಶಾಂತಿಯ ಕಾಲ ಅಂದರೆ ಮುಂದಿನ ಯುದ್ಧಕ್ಕೆ ಪಾಯಿಂಟ್ ಕೂಡಿಹಾಕುವ ಕಾಲ. ವ್ಯಾಪಾರ ಇತ್ತು, ಆದರೆ ದೇಶ ದೊಡ್ಡದಾದಷ್ಟೂ ಅದು ಕ್ಲಿಕ್ ಮಾಡುವ ಕೂಲಿಯಾಗುತ್ತಿತ್ತು. ದೇಶದಿಂದ ದೇಶಕ್ಕೆ ವ್ಯತ್ಯಾಸವೂ ಕಡಿಮೆ. ರೋಮ್ ಆಡಿದರೂ, ಗ್ರೀಸಿನ ಒಂದು ನಗರ ಆಡಿದರೂ ದಿನಚರಿ ಒಂದೇ ಥರ. ಹಡಗುಗಳಲ್ಲಂತೂ ಒಂದೇ ಬಗೆ ಇತ್ತು, ಮೂರು ಸಾಲು ಹುಟ್ಟುಗಳ ಟ್ರೈರೀಮ್. ಕಾರ್ಥೇಜ್‌ನಂಥ ಕಡಲ ಶಕ್ತಿ ಇರುವ ಗೇಮ್‌ನಲ್ಲಿ ಒಂದೇ ಬಗೆಯ ಹಡಗು!

ಮೌರ್ಯರಾಗಿ ಆಡಬಹುದಾ?

ಆಡಬಹುದು. ಶುರುವಿನಲ್ಲೇ ಅತಿ ದೊಡ್ಡ ಶಕ್ತಿಗಳಲ್ಲಿ ಅದೂ ಒಂದು. ಆನೆಗಳೂ ಸಿಗುತ್ತವೆ. ಆದರೆ ಮೂಲ ಗೇಮ್‌ನ ಗಮನವೆಲ್ಲ ಮೆಡಿಟರೇನಿಯನ್ ಮತ್ತು ಗ್ರೀಕ್ ಲೋಕದ ಕಡೆ. ಭಾರತದ ಭಾಗದಲ್ಲಿ ಮ್ಯಾಪ್ ತುಂಬಿದೆ, ಕಥೆ ತುಂಬಿಲ್ಲ. ಆ ಕೊರತೆಯನ್ನು ನೀಗಿಸಿದ್ದು ಅಭಿಮಾನಿಗಳ ಮಾಡ್, ಅಂದರೆ ಅವರೇ ಗೇಮ್‌ಗೆ ಮಾಡಿ ಸೇರಿಸಿದ ಬದಲಾವಣೆ. ಅದರ ಮಾತು ಕೆಳಗೆ ಬರುತ್ತದೆ.

ಡಿಎಲ್‌ಸಿ ಮಾರೋಕೆ ಅಂತಾನೇ ಅರ್ಧ ಗೇಮ್ ಕೊಟ್ರು ಅನ್ನೋದು ಸರಿನಾ?

ಅನುಮಾನ ಯಾಕೆ ಬಂತು ಅಂತ ಅರ್ಥವಾಗುತ್ತದೆ. ಈ ಸಂಸ್ಥೆಯ ಗೇಮ್‌ಗಳಿಗೆ ವರ್ಷಗಟ್ಟಲೆ ದುಡ್ಡಿನ ಡಿಎಲ್‌ಸಿಗಳು, ಅಂದರೆ ಬೇರೆಯಾಗಿ ಕೊಂಡು ಸೇರಿಸಿಕೊಳ್ಳುವ ಭಾಗಗಳು, ಬರುತ್ತವೆ. ಎಲ್ಲವನ್ನೂ ಕೊಳ್ಳಲು ಹೋದರೆ ಮೂಲ ಗೇಮ್‌ನ ಬೆಲೆಯ ಹಲವು ಪಟ್ಟು ಆಗುತ್ತದೆ. ಇಂಪರೇಟರ್‌ಗೂ ಮೊದಲ ದಿನವೇ ಡೀಲಕ್ಸ್ ಆವೃತ್ತಿಯ ಜೊತೆ ಗ್ರೀಕ್ ಲೋಕಕ್ಕೆ ಸಂಬಂಧಿಸಿದ ಒಂದು ಹೆಲೆನಿಸ್ಟಿಕ್ ಫ್ಲೇವರ್ ಪ್ಯಾಕ್ ಇತ್ತು. ಒಳಗೆ ಖಾಲಿ ಜಾಗಗಳು ಕಂಡಾಗ 'ಇದನ್ನು ಆಮೇಲೆ ಮಾರ್ತಾರೆ' ಅಂತ ಜನ ಅಂದುಕೊಂಡರು.

ಮುಂದೆ ನಡೆದದ್ದು ಮಾತ್ರ ಅದಕ್ಕೆ ಉಲ್ಟಾ. ದೊಡ್ಡ ರಿಪೇರಿಗಳೆಲ್ಲ ಪುಕ್ಕಟೆ ಅಪ್‌ಡೇಟ್‌ಗಳಲ್ಲೇ ಬಂದವು. ರೋಮ್ ಮತ್ತು ಕಾರ್ಥೇಜ್ ನಡುವಿನ ಪ್ಯೂನಿಕ್ ಯುದ್ಧಗಳ ಕಂಟೆಂಟ್ ಪ್ಯಾಕ್ ಕೂಡ ಪುಕ್ಕಟೆ. ನನ್ನ ಅಭಿಪ್ರಾಯ ಇಷ್ಟು: ಬೇಕಂತಲೇ ಅರ್ಧ ಮಾಡಿ ಕೊಟ್ಟದ್ದಲ್ಲ, ತಪ್ಪು ಅಡಿಪಾಯದ ಮೇಲೆ ನಂಬಿಕೆಯಿಂದ ಕಟ್ಟಿದ್ದು. ಕೊಂಡವರಿಗೆ ಆಗುವ ನಷ್ಟ ಎರಡರಲ್ಲೂ ಒಂದೇ, ಅದೂ ನಿಜ.

ಇದೆಲ್ಲ ಸುಮ್ನೆ ರಿವ್ಯೂ ಬಾಂಬಿಂಗ್ ಅಲ್ವಾ?

ಅಲ್ಲ. ಗೇಮ್‌ಗೆ ಸಂಬಂಧವೇ ಇಲ್ಲದ ಕಾರಣಕ್ಕೆ ಗುಂಪು ಕಟ್ಟಿಕೊಂಡು ಅಂಕ ಇಳಿಸುವುದು ರಿವ್ಯೂ ಬಾಂಬಿಂಗ್. ಇಂಪರೇಟರ್ ಬರುವುದಕ್ಕೆ ಒಂದು ತಿಂಗಳ ಹಿಂದಷ್ಟೇ, 2019ರ ಮಾರ್ಚ್‌ನಲ್ಲಿ, ಸ್ಟೀಮ್ ನಡೆಸುವ ವಾಲ್ವ್ ಸಂಸ್ಥೆ ಅಂಥ ವಿಷಯಾಂತರದ ರಿವ್ಯೂಗಳನ್ನು ಗುರುತಿಸಿ ಸ್ಟೀಮ್‌ನ ಲೆಕ್ಕದಿಂದ ಹೊರಗಿಡುವ ನಿಯಮ ತಂದಿತ್ತು. ಇಂಪರೇಟರ್‌ಗೆ ಬಂದ ಕೆಟ್ಟ ರಿವ್ಯೂಗಳು ಮನಾ ಬಗ್ಗೆ, ಪಾತ್ರಗಳ ಬಗ್ಗೆ, ಖಾಲಿತನದ ಬಗ್ಗೆ ಇದ್ದವು. ಅಂದರೆ ಗೇಮ್ ಬಗ್ಗೆಯೇ. ಕೆಲವರ ಭಾಷೆ ಒರಟಾಗಿತ್ತು, ಅದು ಸರಿಯಲ್ಲ. ಆದರೆ ದೂರು ಸುಳ್ಳಾಗಿರಲಿಲ್ಲ. ಅದಕ್ಕೆ ಸಾಕ್ಷಿ ಬೇಕಿದ್ದರೆ ಮುಂದಿನ ಅಪ್‌ಡೇಟ್‌ಗಳನ್ನು ನೋಡಿ. ಸ್ಟುಡಿಯೋ ಒಂದೊಂದಾಗಿ ಅದೇ ದೂರುಗಳನ್ನು ಸರಿಪಡಿಸುತ್ತಾ ಹೋಯಿತು.

## ಆಮೇಲೆ ಏನಾಯಿತು

ಸರಿ ಮಾಡಿದ್ರಂತೆ. ಏನೇನು ಬದಲಾಯ್ತು?

ಇಷ್ಟು ಬೇಗ, ಇಷ್ಟು ಆಳಕ್ಕೆ ಇಳಿದು ಸರಿ ಮಾಡಿದ ಗೇಮ್‌ಗಳು ಕಡಿಮೆ. 2019ರ ಜೂನ್‌ನ 1.1, ಅಂದರೆ ಪಾಂಪೆ ಅಪ್‌ಡೇಟ್, ಹಡಗುಗಳಿಗೆ ಬೇರೆ ಬೇರೆ ಬಗೆ ತಂದಿತು. ನಿಜವಾದ ತಿರುವು ಅದೇ ಸೆಪ್ಟೆಂಬರ್‌ನ 1.2, ಸಿಸೆರೋ. ಅದು ಮನಾವನ್ನು ಕಿತ್ತೇ ಹಾಕಿತು. ನಾಲ್ಕು ಪಾಯಿಂಟ್‌ಗಳ ಜಾಗಕ್ಕೆ ಒಂದೇ ರಾಜಕೀಯ ಪ್ರಭಾವ ಬಂತು. ಜನರನ್ನು ಕ್ಲಿಕ್ ಮಾಡಿ ಬದಲಿಸುವುದು ಹೋಯಿತು. ಬದಲಿಗೆ ಗವರ್ನರ್‌ಗೆ ಒಂದು ನೀತಿ ಕೊಡಿ, ಆಮೇಲೆ ಕಾಯಿರಿ. ಊರುಗಳಲ್ಲಿ ಹಳ್ಳಿ ಬೇರೆ, ನಗರ ಬೇರೆ ಆಯಿತು. ಆಹಾರದ ಲೆಕ್ಕ ಬಂತು. ಅದುವರೆಗೆ ಬರೀ ಬಣ್ಣವಾಗಿದ್ದ ಪ್ರಾಂತ್ಯಗಳು ಹಸಿವಾಗುವ ಜಾಗಗಳಾದವು.

ಬಿಡುಗಡೆಯಾಗಿ ಐದೇ ತಿಂಗಳಿಗೆ ಗೇಮ್‌ನ ಬೆನ್ನೆಲುಬನ್ನೇ ತೆಗೆದು ಬೇರೆ ಹಾಕುವುದು ಎಷ್ಟು ಕಷ್ಟ ಅಂತ ಯೋಚಿಸಿ. ಪ್ರತಿಯೊಂದು ಗುಂಡಿಯೂ ಆ ಪಾಯಿಂಟ್‌ಗಳನ್ನೇ ನಂಬಿಕೊಂಡಿತ್ತು. ಆ ತಂಡಕ್ಕೆ ಸಿಗಬೇಕಾದಷ್ಟು ಶಹಬ್ಬಾಸ್‌ಗಿರಿ ಸಿಗಲಿಲ್ಲ.

ಡಿಸೆಂಬರ್‌ನ 1.3, ಲಿವಿ, ಮಿಷನ್‌ಗಳನ್ನು, ಅಂದರೆ ದೇಶದ ಮುಂದಿಡುವ ಗುರಿಗಳನ್ನು, ತಂದು ಮನೆತನಗಳನ್ನು ಹೊಸದಾಗಿ ಕಟ್ಟಿತು. 2020ರ 1.4, ಆರ್ಕಿಮಿಡೀಸ್, ದೇವತೆಗಳು, ಪುಣ್ಯಸ್ಥಳಗಳು, ಅಲ್ಲಿಡುವ ಪವಿತ್ರ ನಿಧಿಗಳನ್ನು ಕೊಟ್ಟಿತು. ಅದೇ ವರ್ಷದ 1.5, ಮೆನಾಂಡರ್, ಗೆದ್ದ ಜನರ ಹಕ್ಕುಗಳನ್ನು ಆಟದ ನಡುವಿಗೆ ತಂದಿತು. ಒಂದು ಜನಾಂಗಕ್ಕೆ ಪೌರತ್ವ ಕೊಟ್ಟರೆ ಅವರು ಖುಷಿ, ನಿಮ್ಮ ಮೂಲದ ಜನಕ್ಕೆ ಮುನಿಸು. ಈ ಎಳೆದಾಟ ಆ ಕಾಲದ ನಿಜವಾದ ರಾಜಕೀಯ.

ಕೊನೆಗೆ 2021ರ ಫೆಬ್ರವರಿಯಲ್ಲಿ 2.0, ಮಾರಿಯಸ್. ಸೈನ್ಯ ಪೂರ್ತಿ ಬದಲಾಯಿತು. ಶುರುವಿನಲ್ಲಿ ನಿಮ್ಮ ಜನಸಂಖ್ಯೆಯಿಂದ ಯುದ್ಧದ ಕಾಲಕ್ಕೆ ಮಾತ್ರ ಸೇನೆ ಎತ್ತುತ್ತೀರಿ. ಮುಂದೆ ಕಾನೂನು ಬದಲಿಸಿ ಲೀಜನ್ ಅನ್ನುವ ಕಾಯಂ ಸೇನಾದಳಗಳನ್ನು ಕಟ್ಟಬಹುದು. ಪ್ರತಿ ಲೀಜನ್ ತಾನು ಹೋರಾಡಿದ ಕದನಗಳನ್ನು ನೆನಪಿಟ್ಟುಕೊಳ್ಳುತ್ತದೆ. ಅದರ ಸೈನಿಕರು ಮೆಲ್ಲಗೆ ದೇಶಕ್ಕಿಂತ ತಮ್ಮ ಸೇನಾಪತಿಗೆ ಜಾಸ್ತಿ ನಿಷ್ಠರಾಗುತ್ತಾರೆ. ಗಣರಾಜ್ಯ ಯಾಕೆ ಕುಸಿಯಿತು ಅಂತ ಯಾರೂ ಪಾಠ ಮಾಡದೆ ನಿಮಗೇ ಅರ್ಥವಾಗುತ್ತದೆ. ಪಾತ್ರಗಳಿಗೆ ಕೊನೆಗೂ ಜೀವ ಬಂದದ್ದು ಇಲ್ಲಿ, ಯಾಕೆಂದರೆ ಈಗ ಆ ಸೇನಾಪತಿಯ ಹೆಸರನ್ನು ನೀವು ಮರೆಯುವ ಹಾಗಿಲ್ಲ.

ಅಷ್ಟೆಲ್ಲ ಸರಿ ಮಾಡಿದ ಮೇಲೆ ಯಾಕೆ ನಿಲ್ಲಿಸಿದ್ರು?

2.0 ಬಂದು ಕೆಲವೇ ತಿಂಗಳಿಗೆ, 2021ರ ವಸಂತದಲ್ಲಿ, ಕೆಲಸ ನಿಲ್ಲಿಸಿರುವುದಾಗಿ ಪ್ಯಾರಾಡಾಕ್ಸ್ ಹೇಳಿತು. ತಂಡದವರನ್ನು ಬೇರೆ ಯೋಜನೆಗಳಿಗೆ ಕಳಿಸಿದರು. ಆಡುವವರ ಸಂಖ್ಯೆ ಬಹಳ ಇಳಿದಿತ್ತು. ಹೊಸದಾಗಿ ನೋಡುವವರಿಗೆ ಮೊದಲು ಕಾಣುತ್ತಿದ್ದದ್ದು ಹಳೆಯ ಕೆಟ್ಟ ಅಂಕ. 2.0ರ ಜೊತೆ ಬಂದ ಹೊಸ ರಿವ್ಯೂಗಳು ಚೆನ್ನಾಗಿದ್ದವು, ಆದರೆ ಸಾವಿರಾರು ಹಳೆಯ ರಿವ್ಯೂಗಳ ಎದುರು ಅವು ಎಷ್ಟು ತಾನೇ ಎತ್ತಬಲ್ಲವು?

ವ್ಯಾಪಾರದ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೂ ಗೇಮ್ ಕೊನೆಗೂ ತನ್ನ ಕಾಲ ಮೇಲೆ ನಿಂತ ಗಳಿಗೆಯಲ್ಲೇ ಕೈಬಿಟ್ಟದ್ದು ಸರಿಯಲ್ಲ ಅಂತ ಇವತ್ತಿಗೂ ನನಗೆ ಅನ್ನಿಸುತ್ತದೆ.

ಸ್ಟೆಲ್ಲಾರಿಸ್ ಕೂಡ ಪೂರ್ತಿ ಬದಲಾಯ್ತು. ಅದು ಉಳೀತು, ಇದು ಯಾಕೆ ಉಳೀಲಿಲ್ಲ?

ಸ್ಟೆಲ್ಲಾರಿಸ್ 2016ರಲ್ಲಿ ಬಂತು. 2018ರ 2.0 ಅಪ್‌ಡೇಟ್ ಅದರಲ್ಲಿ ನಕ್ಷತ್ರಗಳ ನಡುವೆ ಓಡಾಡುವ ರೀತಿಯನ್ನೇ ಬದಲಿಸಿತು. ಆದರೆ ಅದು ಮೊದಲಿನಿಂದಲೂ ಜನ ಇಷ್ಟಪಟ್ಟ ಗೇಮ್. ಬದಲಾವಣೆಯನ್ನು ತಾಳಿಕೊಳ್ಳುವಷ್ಟು ಆಟಗಾರರು ಜೊತೆಗಿದ್ದರು. ಇಂಪರೇಟರ್ ರಿಪೇರಿಯಾಗುವಾಗ ಅದನ್ನು ನೋಡುವುದಕ್ಕೆ ಉಳಿದವರೇ ಕಡಿಮೆ. ಬಾಹ್ಯಾಕಾಶದ ಗೇಮ್‌ಗೆ ಹೊಸಬರನ್ನು ಎಳೆಯುವುದು ಸುಲಭ ಅನ್ನುವುದೂ ಇದೆ.

ಈಗ ತಗೊಂಡ್ರೆ ದುಡ್ಡು ದಂಡ ಅಲ್ಲ ತಾನೇ?

ಅಲ್ಲ, ಆದರೆ ಒಂದು ಮಾತು. 2.0 ಗೇಮ್ ಚೆನ್ನಾಗಿದೆ. ಇನ್‌ವಿಕ್ಟಸ್ ಅನ್ನುವ ಮಾಡ್ ಹಾಕಿಕೊಂಡರೆ ಇನ್ನೂ ಚೆನ್ನಾಗಿದೆ. ಸ್ಟೀಮ್ ವರ್ಕ್‌ಶಾಪ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅಭಿಮಾನಿಗಳು ಸೇರಿ ವರ್ಷಗಳಿಂದ ಬೆಳೆಸುತ್ತಿದ್ದಾರೆ. ಮ್ಯಾಪ್ ತಿದ್ದಿದ್ದಾರೆ, ಹತ್ತಾರು ದೇಶಗಳಿಗೆ ಹೊಸ ಮಿಷನ್ ಬರೆದಿದ್ದಾರೆ, ಮೌರ್ಯರಿಗೂ ಬರೆದಿದ್ದಾರೆ. ಅದರ ಮೇಲೆ ಕಟ್ಟಿದ ಟೆರಾ ಇಂಡೊಮಿಟಾ ಅನ್ನುವ ಇನ್ನೊಂದು ಮಾಡ್ ಮ್ಯಾಪನ್ನು ಚೀನಾದ ಕಡೆಗೂ ಹಿಗ್ಗಿಸಿದೆ.

2024ರಲ್ಲಿ, ಗೇಮ್‌ಗೆ ಐದು ವರ್ಷ ತುಂಬಿದಾಗ, ಅಭಿಮಾನಿಗಳು ಎಲ್ಲರನ್ನೂ ಮತ್ತೆ ಆಡಲು ಕರೆದರು. ಆಡುವವರ ಸಂಖ್ಯೆ ಏರಿತು, ಹೊಸ ರಿವ್ಯೂಗಳು ಹೆಚ್ಚಾಗಿ ಒಳ್ಳೆಯವೇ ಬಂದವು. ಸ್ಟುಡಿಯೋ ಕಡೆಯಿಂದ 2.0.4 ಅನ್ನುವ ಸಣ್ಣ ಪ್ಯಾಚ್ ಕೂಡ ಬಂತು. ದೊಡ್ಡ ಅಪ್‌ಡೇಟ್ ಬರುತ್ತದೆ ಅನ್ನುವ ನಂಬಿಕೆಯಲ್ಲಿ ಖರೀದಿಸಬೇಡಿ. ಇರುವುದು ಇಷ್ಟ ಆಗುತ್ತಾ ನೋಡಿ ಖರೀದಿಸಿ.

ಇನ್ನೊಂದು ವಿಷಯ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಇಂಥ ಗೇಮ್‌ನಲ್ಲಿ ಆ ಎರಡು ಗಂಟೆ ಮೆನುಗಳನ್ನು ಓದುವುದರಲ್ಲೇ ಮುಗಿಯುತ್ತದೆ. ಹಾಗಾಗಿ ಮೊದಲು ಯಾರಾದರೂ ಆಡುವ ವಿಡಿಯೋ ನೋಡಿ. 2021ರ ನಂತರದ್ದನ್ನೇ ನೋಡಿ. 2019ರ ವಿಡಿಯೋ ತೋರಿಸುವುದು ಬೇರೆಯದೇ ಗೇಮ್.

## ಆಳಕ್ಕೆ ಇಳಿಯುವವರಿಗೆ

ಮನಾ ಯುರೋಪಾ 4ರಲ್ಲೂ ಇತ್ತಲ್ಲ? ಅಲ್ಲಿ ಯಾಕೆ ಯಾರೂ ಇಷ್ಟು ಬೈಯಲಿಲ್ಲ?

ಅಲ್ಲೂ ಬೈದವರು ಇದ್ದರು, ಆದರೆ ಗೇಮ್ ಅದನ್ನು ತಾಳಿಕೊಂಡಿತು. ಅಲ್ಲಿ ಆಡಳಿತ, ರಾಜತಂತ್ರ, ಸೇನೆ ಅಂತ ಮೂರು ಪಾಯಿಂಟ್‌ಗಳು. ಒಂದೊಂದಕ್ಕೂ ನಾಲ್ಕೈದು ಕಡೆಯಿಂದ ಬೇಡಿಕೆ. ಅದೇ ಆಡಳಿತ ಪಾಯಿಂಟ್‌ನಿಂದ ತಂತ್ರಜ್ಞಾನವನ್ನೂ ಏರಿಸಬೇಕು, ಗೆದ್ದ ನೆಲವನ್ನೂ ಭದ್ರ ಮಾಡಿಕೊಳ್ಳಬೇಕು. ನೆಲ ಬೇಕಾ, ಜ್ಞಾನ ಬೇಕಾ? ಆ ಪ್ರಶ್ನೆಗೆ ತೂಕ ಇತ್ತು. ನೆಲವನ್ನು ಭದ್ರ ಮಾಡುವುದಕ್ಕೆ ಪಾಯಿಂಟ್ ಕೊಟ್ಟ ಮೇಲೂ ವರ್ಷಗಳು ಬೇಕಾಗುತ್ತಿತ್ತು.

ಇನ್ನೊಂದು ಕಾರಣವೂ ಇದೆ. ಯುರೋಪಾ 4ರಲ್ಲಿ ಜನಸಂಖ್ಯೆ ಅನ್ನುವುದೇ ಇಲ್ಲ. ಪ್ರಾಂತ್ಯ ಅಂದರೆ ಕೆಲವು ಅಂಕಿಗಳು. ಅಂಕಿಯನ್ನು ಪಾಯಿಂಟ್ ಕೊಟ್ಟು ಏರಿಸಿದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಇಂಪರೇಟರ್ ಮಾತ್ರ ಪ್ರತಿ ಊರಿನಲ್ಲೂ ಪೌರರು, ಸ್ವತಂತ್ರರು, ಬುಡಕಟ್ಟಿನವರು, ಗುಲಾಮರು ಅಂತ ಜನರನ್ನು ಇಟ್ಟಿತು. ಇವರು ಇಂಥ ಭಾಷೆಯವರು, ಇಂಥ ದೇವರನ್ನು ನಂಬುವವರು ಅಂತ ತೋರಿಸಿತು. ಜನರನ್ನು ತೋರಿಸಿದ ಮೇಲೆ ಅವರನ್ನು ನಾಣ್ಯದ ಹಾಗೆ ಎಣಿಸಿ ಖರ್ಚು ಮಾಡಿಸಿದರೆ ಮನಸ್ಸು ಒಪ್ಪುವುದಿಲ್ಲ. ಎರಡೂ ಒಳ್ಳೆಯ ಉಪಾಯಗಳೇ ಇರಬಹುದು, ಆದರೆ ಒಂದರ ಪಕ್ಕ ಒಂದು ಬಾಳಲಿಲ್ಲ. ವಿಮರ್ಶಕರು ಮೂರು ಗೇಮ್‌ಗಳ ಬೆಸುಗೆ ಅಂತ ಹೊಗಳಿದ್ದು, ಆಟಗಾರರು ಬೈದದ್ದು ಒಂದೇ ಜಾಗವನ್ನು ನೋಡಿ. ಬೆಸುಗೆ ಬಿಟ್ಟುಕೊಂಡದ್ದು ಅಲ್ಲೇ.

ಸೂಪರ್‌ಪವರ್ 3 ಕೂಡ ಹೀಗೇ ಅಲ್ವಾ?

ಬೈಗುಳ ಎರಡಕ್ಕೂ ಬಿತ್ತು, ರೋಗ ಬೇರೆ ಬೇರೆ. ಸೂಪರ್‌ಪವರ್ 2 ಬಂದದ್ದು 2004ರಲ್ಲಿ, ಕೆನಡಾದ ಗೋಲೆಮ್‌ಲ್ಯಾಬ್ಸ್‌ನಿಂದ. ಇವತ್ತಿನ ಪ್ರಪಂಚದ 193 ದೇಶಗಳಲ್ಲಿ ಯಾವುದನ್ನಾದರೂ ಆಡಬಹುದಿತ್ತು. ಒರಟು ಗೇಮ್, ಆದರೆ ಅದನ್ನು ಪ್ರೀತಿಸುವ ಒಂದು ಗುಂಪು ಉಳಿದುಕೊಂಡಿತು. ಮೂರನೆಯದು 2022ರ ಅಕ್ಟೋಬರ್‌ನಲ್ಲಿ ಬಂತು. ಜನ ಅದರಲ್ಲಿ ಬೈದದ್ದು ಬಗ್‌ಗಳನ್ನು (ತಾಂತ್ರಿಕ ದೋಷಗಳನ್ನು), ಎದುರಾಳಿ ದೇಶಗಳ ಅರ್ಥವಿಲ್ಲದ ನಡವಳಿಕೆಯನ್ನು, ಹಳೆಯದರಲ್ಲಿ ಇದ್ದು ಹೊಸದರಲ್ಲಿ ಕಾಣೆಯಾದ ಆಳವನ್ನು. ಇಂಪರೇಟರ್ ಮೊದಲ ದಿನವೂ ಕೆಲಸ ಮಾಡುತ್ತಿತ್ತು. ಅದರ ಯಂತ್ರ ಕೆಟ್ಟಿರಲಿಲ್ಲ, ಹೋಗುತ್ತಿದ್ದ ದಿಕ್ಕು ತಪ್ಪಾಗಿತ್ತು. ರಿವ್ಯೂ ಓದುವಾಗ ಈ ಎರಡನ್ನು ಬೇರೆ ಮಾಡಿ ನೋಡಿ. ಬಗ್ ಇದ್ದರೆ ಪ್ಯಾಚ್‌ಗೆ ಕಾಯಬಹುದು. ವಿನ್ಯಾಸವೇ ತಪ್ಪಿದ್ದರೆ ಸ್ಟುಡಿಯೋಗೆ ಅದನ್ನು ಕಿತ್ತು ಕಟ್ಟುವ ಧೈರ್ಯ ಇದೆಯಾ ಅಂತ ನೋಡಬೇಕು.

ಇಂಥ ಗೇಮ್‌ಗೆ ನ್ಯಾಯವಾಗಿ ರಿವ್ಯೂ ಬರೆಯೋದು ಹೇಗೆ?

ಯಾವ ಆವೃತ್ತಿ ಆಡಿದಿರಿ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಆವೃತ್ತಿ ಹೇಳದ ರಿವ್ಯೂ ಎರಡು ವರ್ಷದ ನಂತರ ಓದುವವರನ್ನು ದಾರಿ ತಪ್ಪಿಸುತ್ತದೆ. ಕನಿಷ್ಠ ಎರಡು ದೇಶ ಆಡಿ. ಒಂದು ದೊಡ್ಡದು, ಒಂದು ಸಣ್ಣದು. ದೊಡ್ಡ ದೇಶದಲ್ಲಿ ಗೇಮ್‌ನ ಸುಸ್ತು ಗೊತ್ತಾಗುತ್ತದೆ, ಸಣ್ಣ ದೇಶದಲ್ಲಿ ಅದರ ರಾಜತಂತ್ರ ಗೊತ್ತಾಗುತ್ತದೆ. ಆಟದ ಮೊದಲ ಐವತ್ತು ವರ್ಷ ನೋಡಿ ತೀರ್ಪು ಕೊಡಬೇಡಿ. ಈ ಗೇಮ್‌ಗಳು ಹೆಚ್ಚಾಗಿ ಸೋಲುವುದು ನೀವು ಗೆದ್ದ ಮೇಲೆ, ಎದುರಿಗೆ ಯಾರೂ ಉಳಿಯದಿದ್ದಾಗ.

'ಬೋರ್ ಆಗುತ್ತೆ' ಅಂತ ಬರೆದು ನಿಲ್ಲಿಸಬೇಡಿ. ಯಾವ ತೀರ್ಮಾನ ಮಾಡುವಾಗ ಬೋರ್ ಆಯಿತು, ಆ ತೀರ್ಮಾನಕ್ಕೆ ಬೆಲೆ ಇರಲಿಲ್ವಾ, ಫಲ ಕಾಣಲಿಲ್ವಾ ಅಂತ ಬರೆಯಿರಿ. 2019ರಲ್ಲಿ ಸಿಟ್ಟಾದ ಜನರಲ್ಲಿ ಕೆಲವರು ಹಾಗೆ ಬರೆದರು. ಕೆಟ್ಟ ಅಂಕ ಕೊಟ್ಟರೂ ಅವರ ಬರಹ ಗೇಮ್‌ಗೆ ಉಪಕಾರ ಮಾಡಿತು.

ಗೇಮ್ ಬದಲಾದ ಮೇಲೆ ನಿಮ್ಮ ಹಳೆಯ ರಿವ್ಯೂ ತಿದ್ದುವುದು ನಿಮಗೆ ಬಿಟ್ಟದ್ದು. ಸ್ಟೀಮ್ ಅದಕ್ಕೆ ಅವಕಾಶ ಕೊಡುತ್ತದೆ. ಬಳಸಿಕೊಂಡರೆ ಒಳ್ಳೆಯದು.

ಯುರೋಪಾ 5 ಇದರಿಂದ ಏನಾದ್ರೂ ಕಲಿತಿದೆಯಾ?

ತುಂಬಾ ಕಲಿತಿದೆ. ಇಂಪರೇಟರ್ ನಂತರ ಆಂಡರ್ಸನ್ ಸ್ಪೇನ್‌ನಲ್ಲಿ ಪ್ಯಾರಾಡಾಕ್ಸ್ ಟಿಂಟೊ ಅನ್ನುವ ಹೊಸ ಸ್ಟುಡಿಯೋ ಕಟ್ಟಿದರು. ಯುರೋಪಾ ಯೂನಿವರ್ಸಾಲಿಸ್ 5 ಅಲ್ಲಿಂದಲೇ 2025ರ ನವೆಂಬರ್‌ನಲ್ಲಿ ಬಂತು. ಅದರಲ್ಲಿ ಆ ಹಳೆಯ ಪಾಯಿಂಟ್‌ಗಳು ಇಲ್ಲ. ಜನಸಂಖ್ಯೆ ಇದೆ, ಅದು ನಿಧಾನವಾಗಿ ಬದಲಾಗುತ್ತದೆ. ರಾಜಧಾನಿಯಿಂದ ದೂರ ಹೋದಷ್ಟೂ ನಿಮ್ಮ ಹಿಡಿತ ಸಡಿಲವಾಗುತ್ತದೆ, ಅದನ್ನು ಬಿಗಿ ಮಾಡಲು ರಸ್ತೆ ಮತ್ತು ಕಾಲ ಬೇಕು.

ಕೆಲಸ ಮಾಡುವ ರೀತಿಯೂ ಬದಲಾಯಿತು. ಗೇಮ್‌ನ ಹೆಸರನ್ನೂ ಹೇಳದೆ, 2024ರ ಶುರುವಿನಿಂದಲೇ 'ಟಿಂಟೊ ಟಾಕ್ಸ್' ಅಂತ ವಾರ ವಾರ ಬರೆದರು. ಒಂದೊಂದು ವ್ಯವಸ್ಥೆಯನ್ನೂ, ಮ್ಯಾಪಿನ ಒಂದೊಂದು ಭಾಗವನ್ನೂ ಮುಂದಿಟ್ಟು ತಪ್ಪು ಹೇಳಿ ಅಂದರು. ಜನ ಹೇಳಿದರು. ಮ್ಯಾಪುಗಳನ್ನು ತಿದ್ದಿ ಮತ್ತೆ ತೋರಿಸಿದರು. ಬಿಡುಗಡೆಯಾದಾಗ ಅದಕ್ಕೂ ದೂರುಗಳು ಬಂದವು. ಆದರೆ ಜನ ವರ್ಷದ ಹಿಂದೆಯೇ ಹೇಳಿದ ಅದೇ ದೂರನ್ನು ಬಿಡುಗಡೆಯ ದಿನ ಮತ್ತೆ ಹೇಳಬೇಕಾದ ಸ್ಥಿತಿ ಈ ಸಲ ಕಡಿಮೆ ಇತ್ತು.